ನೂರಕ್ಕೆ ಮೂರು ಕೋಶ

ನಮ್ಮೂರಲ್ಲಿ ಯಾರೂ ಈರುಳ್ಳಿ ತಿನ್ನುವುದಿಲ್ಲ. ಬೇರೆ ಊರಿಂದ ಬಂದ ಸೊಸೆಯಂದಿರು ಮೊದಮೊದಲು ಒಗ್ಗರಣೆಯಲ್ಲಿ ಏನೋ ಕಡಿಮೆ ಎಂದು ಮುಖ ಹುಳ್ಳಗೆ ಮಾಡುತ್ತಾರೆ, ಆರು ತಿಂಗಳು ಕಳೆಯುವಷ್ಟರಲ್ಲಿ ಇಂಗು ಬೆಳ್ಳುಳ್ಳಿಗೆ ಒಗ್ಗಿಕೊಳ್ಳುತ್ತಾರೆ. ಈರುಳ್ಳಿಯ ಜಾಗ ನಮ್ಮಲ್ಲಿ ಅಡುಗೆಮನೆಯಲ್ಲ. ಹದಿನೈದು ದಿನ ಮೀರಿ ಹಾಸಿಗೆ ಹಿಡಿದವರ ತಲೆದಿಂಬಿನ ಪಕ್ಕ, ಗಾಜಿನ ಲೋಟದ ಬಾಯಿಯ ಮೇಲೆ, ತಳ ಮಾತ್ರ ನೀರಿಗೆ ತಾಗುವ ಹಾಗೆ ಕೂರಿಸುತ್ತಾರೆ. ಎರಡು ದಿನ ಪಕ್ಕದಲ್ಲಿದ್ದರೆ ಅದು ಅವರ ಗಡ್ಡೆ, ಅದರ ಬೇರು ಅವರ ಬೇರು. ಯಾಕೆ ಹಾಗೆ ಎಂದು ನಮ್ಮಲ್ಲಿ ಮಕ್ಕಳೂ ಕೇಳುವುದಿಲ್ಲ.

ಆ ಬೇರುಗಳನ್ನು ಇಪ್ಪತ್ತಾರು ವರ್ಷ ಹದ ಮಾಡಿದವಳು ನಾನು. ಹೆಸರು ಗಂಗಾಂಬಿಕೆ, ಊರಿಗೆಲ್ಲ ಗಂಗಕ್ಕ. ಊರ ನಡುವೆ ಒಂದು ಹಂಚಿನ ಕಟ್ಟಡವಿದೆ, ಬೇರುಮನೆ ಅನ್ನುತ್ತೇವೆ. ಅಲ್ಲಿ ಇರುವುದು ಎರಡೇ ಮೇಜು. ಒಂದರಲ್ಲಿ ನಾನು ಸ್ಲೈಡ್ ಮಾಡುತ್ತಿದ್ದೆ, ಇನ್ನೊಂದರಲ್ಲಿ ಚಿದಾನಂದಯ್ಯನವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಎಣಿಸುತ್ತಿದ್ದರು. ನೂರು ಕೋಶದಲ್ಲಿ ಮೂರಾದರೂ ಒಡೆದು ಎರಡಾಗುತ್ತಿರಬೇಕು. ಮೂರಿದ್ದರೆ ಅವರು ಚೀಟಿಯಲ್ಲಿ ‘ನಡೆದಿದೆ’ ಎಂದು ಬರೆಯುತ್ತಿದ್ದರು, ಇಲ್ಲದಿದ್ದರೆ ‘ನಿಂತಿದೆ’. ಚೀಟಿ ಮನೆಗೆ ಮುಟ್ಟಿಸುವ ಕೆಲಸವೂ ನನ್ನದೇ. ಆದ್ದರಿಂದ ಬೀದಿಯಲ್ಲಿ ನಾನು ನಡೆದು ಬಂದರೆ ಹೆಂಗಸರು ಬಾಗಿಲಿಗೆ ಬಂದು ನನ್ನ ಕಾಲನ್ನೇ ನೋಡುತ್ತಿದ್ದರು, ಯಾರ ಮನೆಯ ಕಡೆ ತಿರುಗುತ್ತೇನೆ ಎಂದು. ನನಗದು ಒಂಥರಾ ಜಂಬವೇ ಆಗಿತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ.

ಕೆಲಸ ಕಲಿಸಿದವಳು ಮಲ್ಲಾಜಮ್ಮ. ಬಾಯಿ ಜೋರು, ಕೈ ಮಾತ್ರ ಬೆಣ್ಣೆ. ಬೇರನ್ನು ಸೂರ್ಯ ಹುಟ್ಟಿದ ಮೇಲೆ, ಇಬ್ಬನಿ ಆರುವ ಮೊದಲು ಕತ್ತರಿಸಬೇಕು, ಕೋಶಗಳು ಒಡೆಯುವ ಗಡಿಬಿಡಿಯಲ್ಲಿರುವುದು ಆ ಹೊತ್ತಲ್ಲೇ ಎನ್ನುತ್ತಿದ್ದಳು. ಬೇರಿಡೀ ಬೇಕಾಗಿಲ್ಲ, ತುದಿ ಸಾಕು, ಅಕ್ಕಿಕಾಳಿನ ಅರ್ಧದಷ್ಟು. ಮೇಲಿನ ಭಾಗದ ಕೋಶಗಳು ಆಗಲೇ ಉದ್ದವಾಗಿ ಬೆಳೆದು ಸುಮ್ಮನಾಗಿರುತ್ತವೆ, ಅಲ್ಲಿ ಹುಡುಕಿದರೆ ಆರೋಗ್ಯವಂತನಿಗೂ ನಿಂತಿದೆ ಎಂದೇ ಬರುತ್ತದೆ. ಕತ್ತರಿಸಿದ ತುದಿಯನ್ನು ಮೂರು ಪಾಲು ಸ್ಪಿರಿಟ್, ಒಂದು ಪಾಲು ಕಡು ಹುಳಿಯ ವಿನಿಗರ್ ಬೆರೆಸಿದ ಸೀಸೆಯಲ್ಲಿ ಒಂದು ದಿನ ಮುಳುಗಿಸಿಡಬೇಕು. ಯಾವ ಕೋಶ ಯಾವ ಸ್ಥಿತಿಯಲ್ಲಿತ್ತೋ ಹಾಗೇ ಹಿಡಿದು ನಿಲ್ಲಿಸುವ ನೀರು ಅದು. ಮರುದಿನ ಬಿಸಿನೀರಲ್ಲಿಟ್ಟ ಆಸಿಡ್ಡಿನಲ್ಲಿ ಐದೇ ನಿಮಿಷ ಮೆತ್ತಗಾಗಿಸಿ, ಕೆಂಪು ಬಣ್ಣ ಕುಡಿಸಿ, ಗಾಜಿನ ಮೇಲಿಟ್ಟು, ಸೂಜಿಯ ಹಿಂಬದಿಯಿಂದ ಮೆಲ್ಲಗೆ ಕುಟ್ಟಿ, ಮೇಲೆ ತೆಳು ಗಾಜು ಮುಚ್ಚಿ, ಬ್ಲಾಟಿಂಗ್ ಪೇಪರ್ ಹಾಕಿ ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಬೆರಳು ಕೂದಲೆಳೆಯಷ್ಟು ಜಾರಿದರೂ ಕೋಶಗಳು ಉರುಳಿ ಒಂದರ ಮೇಲೊಂದು ಬೀಳುತ್ತವೆ. “ಇಲ್ಲಿ ನಿನ್ನ ಬೆರಳು ಜಾರಿದ್ರೆ ಅಲ್ಲೊಬ್ಬನ ಬಾಯಿಗೆ ಗಂಜಿ ಹೋಗಲ್ಲ, ತಿಳ್ಕೋ” ಎಂದು ಮಲ್ಲಾಜಮ್ಮ ನನ್ನ ಬೆನ್ನಿಗೊಂದು ಗುದ್ದುತ್ತಿದ್ದಳು. ನನ್ನ ಬೆರಳು ಒಂದು ದಿನವೂ ಜಾರಲಿಲ್ಲ.

ನಿಂತಿದೆ ಎಂದು ಚೀಟಿ ಬಂದ ಮೇಲೆ ಆ ಮನುಷ್ಯನ ಜೊತೆ ಯಾರೂ ಮಾತಾಡಕೂಡದು. ಅಷ್ಟೇ ನಮ್ಮೂರಿನ ಕಟ್ಟಳೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಹಸಿದಿರಲು ಬಿಡುವುದಿಲ್ಲ. ಮಂಚದ ಸಮೇತ ಎತ್ತಿಕೊಂಡು ಹೋಗಿ ಊರಾಚೆಯ ಕೊನೆಮನೆಯ ಜಗುಲಿಯಲ್ಲಿಟ್ಟು, ದಿನಾ ಗಂಜಿ ಇಟ್ಟು ಬರುತ್ತಾರೆ. ಎಂಟು ದಿನಕ್ಕೋ ಹತ್ತು ದಿನಕ್ಕೋ ಮುಗಿಯುತ್ತದೆ. ಕಾಯಿಲೆಯಿಂದ ಮುಗಿಯುತ್ತದೋ ಮಾತಿಲ್ಲದೆ ಮುಗಿಯುತ್ತದೋ ಎಂದು ಯಾರೂ ತಲೆ ಕೆಡಿಸಿಕೊಂಡಿದ್ದಿಲ್ಲ. ಕಟ್ಟಳೆ ಮುರಿದು ಮಾತಾಡಿದವರ ಜೊತೆಗೂ ಊರು ಮಾತು ಬಿಡುತ್ತದೆ, ಆಮೇಲೆ ಅವರ ಮನೆಯ ಗಡ್ಡೆಯನ್ನು ಬೇರುಮನೆ ಮುಟ್ಟುವುದಿಲ್ಲ. ನಾನು ಕಂಡ ಹಾಗೆ ಮುರಿದವರು ಯಾರೂ ಇರಲಿಲ್ಲ.

ನಮ್ಮ ಎದುರು ಮನೆಯ ಚೌಡಮ್ಮನ ಗಂಡ ಮಾದಯ್ಯನ ಚೀಟಿ ನಾನೇ ತಂದಿದ್ದೆ. ಅವನು ಹಂಚು ಹೊದಿಸುವ ಕೆಲಸದವನು, ಕಾಮಾಲೆಯಾಗಿ ಮಲಗಿದ್ದ. ನಾನು ಹೋದಾಗ ದಿಂಬಿಗೆ ಒರಗಿಕೊಂಡು ಗಂಜಿ ಕುಡಿಯುತ್ತಿದ್ದ. ನನ್ನನ್ನು ನೋಡಿದವನೇ ತಲೆ ಬಗ್ಗಿಸಿ, “ಚೌಡೀ, ಉಪ್ಪು ಸಾಲ್ದು, ಒಂದು ಕಲ್ಲು ಹಾಕೇ” ಎಂದ. ಚೌಡಮ್ಮ ಚೀಟಿ ಓದಿದಳು. ಉಪ್ಪಿನ ಮರಿಗೆ ಅವಳ ಕೈಯಲ್ಲೇ ಇತ್ತು. ಅವನು ಮತ್ತೊಮ್ಮೆ ಕೇಳಿದ, ಆಮೇಲೆ ಇನ್ನೊಮ್ಮೆ. ಉಪ್ಪು ಹಾಕಿದಳು, ಬಾಯಿ ಬಿಡಲಿಲ್ಲ. ಮಾದಯ್ಯ ಗಂಜಿ ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ. ನಾನು ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ. ಸ್ಲೈಡ್ ಮಾಡುವುದಷ್ಟೇ ನನ್ನದು, ಎಣಿಸಿದವರು ಚಿದಾನಂದಯ್ಯನವರು, ಎಂದುಕೊಂಡೆ.

ಮನೆಯಲ್ಲಿ ನನ್ನ ಜೊತೆ ಇದ್ದವಳು ತಂಗಿ ದಾಕ್ಷಾಯಿಣಿ. ನನ್ನ ಗಂಡ ತೀರಿದ ಮೇಲೆ ನಾವಿಬ್ಬರೇ. ಅವಳು ಮದುವೆ ಮಾಡಿಕೊಳ್ಳಲಿಲ್ಲ, ರವಿಕೆ ಹೊಲಿಯುತ್ತಿದ್ದಳು. ಹೊಲಿಗೆಗಿಂತ ಅವಳ ಮಾತಿಗೆ ಜನ ಬರುತ್ತಿದ್ದರು ಎಂದರೂ ಸರಿಯೇ. ಅಳತೆ ಕೊಡಲು ಬಂದವರು ಅರ್ಧ ದಿನ ಕೂತು, ನಕ್ಕು ನಕ್ಕು ಸುಸ್ತಾಗಿ, ಅಳತೆ ಕೊಡುವುದನ್ನೇ ಮರೆತು ಹೋಗುತ್ತಿದ್ದರು. ನಾನು ಬೇರುಮನೆಯಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಇಡೀ ಬೀದಿಯ ಸಮಾಚಾರ ಒಪ್ಪಿಸಿಬಿಡುತ್ತಿದ್ದಳು. “ಸ್ವಲ್ಪ ಉಸಿರು ತಗೊಳ್ಳೇ” ಎಂದರೆ, “ಉಸಿರು ತಗೊಳ್ಳೋಕೆ ಬಾಯಿ ಯಾಕೆ ಅಕ್ಕಯ್ಯ, ಮೂಗಿದೆಯಲ್ಲ” ಎನ್ನುತ್ತಿದ್ದಳು. ನನಗೆ ಅವಳ ಮಾತು ಎಷ್ಟು ಅಭ್ಯಾಸವಾಗಿತ್ತೆಂದರೆ ಅದು ಸದ್ದು ಎಂದೇ ಅನ್ನಿಸುತ್ತಿರಲಿಲ್ಲ.

ಅವಳ ನಲವತ್ತೆರಡನೇ ವಯಸ್ಸಿನಲ್ಲಿ ಕೆಮ್ಮು ಹತ್ತಿತು. ಕೆಮ್ಮು ಎದೆಗಿಳಿಯಿತು, ಜ್ವರ ಬಿಡದೆ ಕಾಡಿತು. ಹದಿನಾರನೆಯ ದಿನ ಕಟ್ಟಳೆಯಂತೆ ನಾನೇ ಸಂತೆಯಿಂದ ಗಟ್ಟಿಯಾದ ಗಡ್ಡೆ ಆರಿಸಿ ತಂದೆ. ಒಣಗಿದ ಹಳೇ ಬೇರು ಹೆರೆದು, ಲೋಟದ ಮೇಲೆ ಕೂರಿಸಿ, ಅವಳ ದಿಂಬಿನ ಪಕ್ಕ ಇಟ್ಟೆ. “ನನ್ನ ಗಡ್ಡೆ ನೋಡೋಕೆ ಚೆನ್ನಾಗೈತೆ ಅಲ್ವಾ” ಎಂದು ಅದಕ್ಕೊಂದು ಕೆಂಪು ದಾರ ಕಟ್ಟಿದಳು. ಎರಡನೆಯ ದಿನ ಬೇರು ಇಳಿಯಿತು. ಅವಳಿಗೆ ನಿದ್ದೆ ಹತ್ತಿದಾಗ ನಾನು ಒಂದು ಬೇರು ಕತ್ತರಿಸಿ, ಬೇರುಮನೆಗೆ ಹೋಗಿ, ಇಡೀ ದಿನ ಸ್ಪಿರಿಟ್ಟಿನಲ್ಲಿಡುವಷ್ಟು ತಾಳ್ಮೆಯಿಲ್ಲದೆ ಅವಸರದಲ್ಲೇ ಸ್ಲೈಡ್ ಮಾಡಿ ನೋಡಿದೆ. ಹಾಗೆ ಕದ್ದು ನೋಡಿದ್ದು ಅದೇ ಮೊದಲು. ನೂರು ಎಣಿಸಿದೆ. ಒಂದು ಸಿಕ್ಕಿತು. ಇನ್ನೊಂದು ನೂರು ಎಣಿಸಿದೆ. ಅದರಲ್ಲಿ ಒಂದೂ ಇರಲಿಲ್ಲ.

ಮನೆಗೆ ಬಂದಾಗ ಅವಳು ಎದ್ದು ಕೂತಿದ್ದಳು. ನನ್ನ ಮುಖ ಓದುವುದು ಅವಳಿಗೆ ಕಷ್ಟವೇ? “ಅಕ್ಕಯ್ಯ, ಸಾಯೋದು ಬಿಡು, ಎಲ್ಲಾರೂ ಸಾಯ್ತಾರೆ. ಆ ಕೊನೆಮನೆ ಇದೆಯಲ್ಲ, ಅದು ನನ್ನ ಕೈಲಾಗಲ್ಲ. ಹತ್ತು ದಿನ ನನ್ನ ಹತ್ರ ಯಾರೂ ಮಾತಾಡದೇ ಇದ್ರೆ ಹೆಂಗಿರ್ಲಿ ನಾನು? ನೀನಾದ್ರೂ ಮಾತಾಡ್ತೀಯ ತಾನೆ?” ಎಂದಳು. ನಾನು ಒಲೆ ಆರಿತು ಎಂದು ಒಳಗೆ ಹೋದೆ. ಒಲೆ ಆರಿರಲಿಲ್ಲ. ಮಾತಾಡುತ್ತೇನೆ ಎನ್ನಲು ನನಗೆ ಭಯ. ಆಮೇಲೆ ಊರು ನನ್ನ ಜೊತೆ ಮಾತು ಬಿಡುತ್ತದೆ, ಬೇರುಮನೆಯ ಮೇಜು ಹೋಗುತ್ತದೆ, ಬೀದಿಯಲ್ಲಿ ನನ್ನ ಕಾಲನ್ನು ನೋಡುವವರು ಇರುವುದಿಲ್ಲ. ತಂಗಿ ಕೇಳಿದ್ದು ಹತ್ತು ದಿನದ ಮಾತು. ಅದನ್ನು ಕೊಡಲಾರದೆ ನಾನು ಬೇರೆ ದಾರಿ ಹುಡುಕಿದೆ.

ಆ ದಾರಿ ನನಗೆ ಮೊದಲೇ ಗೊತ್ತಿತ್ತು. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದು ಮನೆಯವರ ಸ್ಲೈಡಿನಲ್ಲಿ ನೂರಕ್ಕೆ ಮೂವತ್ತು ಕೋಶ ಒಡೆಯುವ ಸ್ಥಿತಿಯಲ್ಲಿ ಕಂಡಿದ್ದವು. ಕುಣಿದಾಡಿಕೊಂಡು ಮಲ್ಲಾಜಮ್ಮನಿಗೆ ತೋರಿಸಿದೆ. ಅವಳು ಒಂದು ಕ್ಷಣ ನೋಡಿ, ಸ್ಲೈಡನ್ನು ಹೊರಗೆ ಒಯ್ದು ಕಲ್ಲಿನಿಂದ ಜಜ್ಜಿಬಿಟ್ಟಳು. “ಯಾವ ಬಾವಿ ನೀರು ಇದು? ಅವರ ಬೇಲಿಯಲ್ಲಿ ಅಗ್ನಿಶಿಖೆ ಐತೆ, ಅದರ ಗಡ್ಡೆಯ ಸಾರ ಬಾವಿಗೆ ಇಳಿದೈತೆ. ಬೇರು ಅಷ್ಟೂ ಕತ್ತರಿಸಿ, ಬೇರೆ ನೀರಲ್ಲಿ ಇಡು, ಈಗಲೇ ಓಡು” ಎಂದಳು. ಓಡಿದೆ. ಆ ಸ್ಲೈಡಿನಲ್ಲಿ ಏನು ತಪ್ಪಿತ್ತು ಎಂದು ಕೇಳಿದ್ದಕ್ಕೆ, “ಎಣಿಕೆ ನೋಡ್ಬೇಡ ಕಣೇ, ಕೋಶ ನೋಡು” ಎಂದಷ್ಟೇ ಹೇಳಿದಳು. ಎಣಿಕೆ ನನ್ನ ತಲೆಯಲ್ಲಿ ಉಳಿಯಿತು, ಉಳಿದದ್ದು ಹಾರಿಹೋಯಿತು.

ಮೂರನೆಯ ದಿನ ಮಧ್ಯಾಹ್ನ, ಬೀದಿಯೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ, ಹಳೇ ಕಲ್ಲುಕ್ವಾರಿಯ ಬೇಲಿಗೆ ಹೋದೆ. ಅಗ್ನಿಶಿಖೆ ಹೂ ಬಿಟ್ಟಿತ್ತು, ಕೆಂಪು ಹಳದಿ ಎಸಳು ಮೇಲಕ್ಕೆ ಸೆಟೆದುಕೊಂಡು. ದನಗಳೂ ಮೂಸದ ಗಿಡ. ಬುಡ ಅಗೆದು ನೇಗಿಲಿನ ಆಕಾರದ ಗಡ್ಡೆಯನ್ನು ಸೆರಗಲ್ಲಿ ಕಟ್ಟಿಕೊಂಡು ಬಂದು, ಹಿತ್ತಿಲಲ್ಲಿ ಜಜ್ಜಿ, ಹಿಂಡಿ, ಶೋಧಿಸಿ, ತಂಗಿಯ ಲೋಟದ ನೀರಿಗೆ ಬೆರೆಸಿದೆ. ದಾಕ್ಷಾಯಿಣಿ ಕಣ್ಣು ಮುಚ್ಚಿಕೊಂಡೇ, “ನೀರು ಬದಲಾಯಿಸ್ದೆಯಾ ಅಕ್ಕಯ್ಯ? ಒಳ್ಳೇದಾಯ್ತು” ಎಂದಳು.

ನಾಲ್ಕನೆಯ ದಿನ ಬೆಳಗ್ಗೆ ಬೇರಿನ ತುದಿಗಳು ದಪ್ಪಗೆ ಊದಿಕೊಂಡು ಬೆಂಕಿಕಡ್ಡಿಯ ಮದ್ದಿನ ಹಾಗೆ ಆಗಿದ್ದವು. ಕತ್ತರಿಸಿ ಸೀಸೆಗೆ ಹಾಕಿದೆ. ಆ ದಿನ ದಾಕ್ಷಾಯಿಣಿಯ ಮಾತು ನಿಧಾನವಾಯಿತು. ಒಂದು ಪದ ಹೇಳಿ ಇನ್ನೊಂದಕ್ಕೆ ಕಾಯುವಳು. ಜ್ವರದ ಸುಸ್ತು ಎಂದುಕೊಂಡೆ, ಅಥವಾ ಹಾಗೆ ಅಂದುಕೊಳ್ಳಲು ಇಷ್ಟಪಟ್ಟೆ. ಮರುದಿನ ಸ್ಲೈಡ್ ಮಾಡಿ ಚಿದಾನಂದಯ್ಯನವರ ಮುಂದಿಟ್ಟೆ. ಅವರು ಎಣಿಸಿದರು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. “ಮೂವತ್ತನಾಲ್ಕು ಕಣಮ್ಮಾ! ನನ್ನ ಜನ್ಮದಲ್ಲಿ ಇಷ್ಟು ಕಂಡಿಲ್ಲ. ನಿನ್ನ ತಂಗಿ ನಮ್ಮನ್ನೆಲ್ಲ ಕಳಿಸಿ ಆಮೇಲೆ ಹೋಗ್ತಾಳೆ ನೋಡು” ಎಂದು ನಕ್ಕರು. ಅವರು ಕೆಳಗಿಟ್ಟ ಸ್ಲೈಡನ್ನು ನಾನೂ ಒಮ್ಮೆ ನೋಡಿದೆ. ಮೂವತ್ತನಾಲ್ಕು ಕೋಶದಲ್ಲೂ ವರ್ಣತಂತುಗಳು ಕೆಂಪಗೆ, ದಪ್ಪಗೆ, ಕೋಶದ ನಡುವೆ ಬಂದು ನಿಂತಿದ್ದವು. ಒಂದರಲ್ಲೂ ಅವು ಎರಡು ಪಾಲಾಗಿ ಆಚೀಚೆ ಸರಿದಿರಲಿಲ್ಲ. ಒಂದು ಕೋಶವೂ ನಡುವೆ ಗೋಡೆ ಎಬ್ಬಿಸಿ ಎರಡಾಗಿರಲಿಲ್ಲ. ಒಡೆಯಲು ಹೊರಟ ಪ್ರತಿಯೊಂದೂ ಅರ್ಧದಾರಿಗೆ ಬಂದು ಅಲ್ಲೇ ಉಳಿದಿತ್ತು. ಮಲ್ಲಾಜಮ್ಮ ಅವತ್ತು ಏನು ಹೇಳಿದ್ದಳು ಎಂದು ನನಗೆ ಆಗ ಅರ್ಥವಾಯಿತು. ಆದರೂ ಚೀಟಿ ಇಸಿದುಕೊಂಡೆ.

ನಾನು ಚೀಟಿ ಹಿಡಿದು ಒಳಗೆ ಬಂದಾಗ ದಾಕ್ಷಾಯಿಣಿ ಮಂಚದ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಎಡಗೈಯ ತೋರುಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ಬಂದಿತ್ತು. ನನ್ನ ಕೈಯಲ್ಲಿದ್ದ ಚೀಟಿ ನೋಡಿದಳು. “ಅಕ್ಕಯ್ಯ… ನಿಂತಿದ್ರೂ… ಪರವಾಗಿಲ್ಲ. ನೀನು ಮಾತ್ರ” ಎಂದಳು. ಅಷ್ಟೇ. ದಾರದ ತುದಿ ಸೂಜಿಯ ಕಣ್ಣಿನ ಹತ್ತಿರ ಬಂದು ನಿಂತಿತು. ಬಾಯಿ ಮುಂದಿನ ಪದಕ್ಕೆ ತೆರೆದುಕೊಂಡಿತ್ತು, ಪದ ಬರಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದೆ, ಕೂಗಿದೆ, ಕಾಲಿಗೆ ಬಿದ್ದೆ. ಉಸಿರು ಇತ್ತು, ಬಹಳ ನಿಧಾನವಾಗಿ. ಎದೆ ಬಡಿದುಕೊಳ್ಳುತ್ತಿತ್ತು. ಉಳಿದದ್ದು ಏನೂ ಮುಂದಕ್ಕೆ ಹೋಗಲಿಲ್ಲ.

ಲೋಟ ತೊಳೆದು ಒಳ್ಳೆಯ ನೀರು ಹಾಕಿದೆ. ಊದಿದ ಬೇರು ಊದಿದಂತೆಯೇ ಇತ್ತು. ಬೇರು ಕತ್ತರಿಸಿ ಹೊಸದಾಗಿ ಬಿಡಿಸಬಹುದಿತ್ತು, ಮಲ್ಲಾಜಮ್ಮ ಮಾಡಿಸಿದ್ದಳಲ್ಲ. ಹಾಗೆ ಮಾಡಿದರೆ ಎದ್ದು ಕೂರುವವಳು ನೂರಕ್ಕೆ ಒಂದು ಕೋಶದ ದಾಕ್ಷಾಯಿಣಿ. ಅವಳನ್ನು ಕೊನೆಮನೆಗೆ ಕಳಿಸಬೇಕು. ಇವತ್ತು ಬೇಡ, ನಾಳೆ ಮಾಡಿದರಾಯಿತು ಎಂದು ನಾನು ಮೂರು ವರ್ಷ ತಳ್ಳಿದೆ.

ಊರಿನವರಿಗೆ ಚೀಟಿಯಲ್ಲಿ ನಡೆದಿದೆ ಎಂದಿತ್ತು, ಸಾಕು. ಬಂದರು, ಮಾತಾಡಿಸಿದರು. ರವಿಕೆಯ ಬಟ್ಟೆ ತಂದು ತೊಡೆಯ ಮೇಲೆ ಹರಡಿ ತೋರಿಸಿದರು. ಉತ್ತರ ಬಾರದಿದ್ದರೆ ಜನ ಎಷ್ಟು ದಿನ ಬರುತ್ತಾರೆ? ದಸರೆಯ ಹೊತ್ತಿಗೆ ಯಾರೂ ಬರುತ್ತಿರಲಿಲ್ಲ. ನಾನು ಮಾತ್ರ ಮೊದಲನೆಯ ವರ್ಷ ಬಿಡದೆ ಮಾತಾಡಿದೆ. ದಿನಾ ಒದ್ದೆ ಬಟ್ಟೆಯಿಂದ ಕಣ್ಣು ಒರೆಸುವಾಗ ಬೀದಿಯ ಸಮಾಚಾರ ಹೇಳುತ್ತಿದ್ದೆ. ಗಂಜಿ ಬಾಯಿಗಿಟ್ಟರೆ ಇಳಿಯುತ್ತಿರಲಿಲ್ಲ, ಅವಳಿಗದು ಬೇಕಾಗಿಯೂ ಇರಲಿಲ್ಲ. ಉಗುರು ಬೆಳೆಯಲಿಲ್ಲ. ಕೂದಲು ಬೆಳೆಯಲಿಲ್ಲ. ಬೆರಳ ಮೇಲಿನ ಆ ಒಂದು ಹನಿ ರಕ್ತ ಆರಲೂ ಇಲ್ಲ, ಬೀಳಲೂ ಇಲ್ಲ. ‘ನೀನು ಮಾತ್ರ’ ಎಂದು ನಿಂತಳಲ್ಲ, ನಾನು ಮಾತ್ರ ಏನು ಮಾಡಬೇಕಿತ್ತು ಎಂದು ತಲೆ ಚಚ್ಚಿಕೊಳ್ಳುತ್ತಿದ್ದೆ. ಬರಬರುತ್ತಾ ಸಮಾಚಾರ ಚಿಕ್ಕದಾಯಿತು. ಎರಡನೆಯ ವರ್ಷ ಯಾವತ್ತೋ ಒಂದು ದಿನ ಕಣ್ಣು ಒರೆಸಿ, ಏನೂ ಹೇಳದೆ ಎದ್ದು ಬಂದೆ. ಮರುದಿನವೂ ಹಾಗೇ ಆಯಿತು. ಆಮೇಲೆ ದಿಂಬು, ಚಾದರ, ಲೋಟ ಒರೆಸುವಂತೆಯೇ ಅವಳನ್ನೂ ಒರೆಸಿ ಕೆಲಸಕ್ಕೆ ಹೋಗುತ್ತಿದ್ದೆ.

ಮೂರನೆಯ ವರ್ಷ ಚೌಡಮ್ಮನ ಮಗಳು ಇಂದ್ರಾಣಿ ಬಾಣಂತಿ ಜ್ವರದಲ್ಲಿ ಮಲಗಿದಳು. ಗಡ್ಡೆ ಇಟ್ಟ ದಿನವೇ ಚೌಡಮ್ಮ ನಮ್ಮ ಹಿತ್ತಿಲ ಬಾಗಿಲಿಂದ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. “ಗಂಗಕ್ಕ, ನಿನ್ನ ತಂಗಿಗೆ ಏನೋ ಮಾಡಿದ್ದೀಯ ನೀನು. ಮೂವತ್ತನಾಲ್ಕು ಸುಮ್ನೆ ಬರಲ್ಲ. ನನ್ನ ಮಗಳಿಗೂ ಅದನ್ನ ಮಾಡು. ಅವಳ ಅಪ್ಪ ಉಪ್ಪು ಕೇಳಿದಾಗ ನಾನು ಸುಮ್ಮನಿದ್ದೆ, ಅದನ್ನ ಇನ್ನೊಂದು ಸಲ ನನ್ನ ಕೈಲಿ ಮಾಡಿಸ್ಬೇಡ” ಎಂದಳು. ನಾನು ಅವಳನ್ನು ಒಳಗೆ ಕರೆದುಕೊಂಡು ಹೋಗಿ ಮಂಚದ ಮುಂದೆ ನಿಲ್ಲಿಸಿದೆ. ಚೌಡಮ್ಮ ತೆರೆದ ಬಾಯಿ ನೋಡಿದಳು, ಸೂಜಿ ನೋಡಿದಳು. ಬೆರಳಿನ ರಕ್ತವನ್ನು ತನ್ನ ಬೆರಳಿಂದ ಮುಟ್ಟಿದಳು. ಅದು ಬೆಚ್ಚಗೆ, ಹಸಿಯಾಗಿ, ಅಂಟಿಯೂ ಅಂಟದೆ ಅಲ್ಲೇ ಉಳಿಯಿತು. ಅವಳು ಮಂಚದ ಹತ್ತಿರ ಬಗ್ಗಿ, “ದಾಕ್ಷಾಯಿಣಿ, ನಾನು ಕಣೇ, ಎದುರು ಮನೆ ಚೌಡಿ. ಹೆಂಗಿದೀಯ ತಾಯಿ?” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನೀನು ಇವಳನ್ನ ಮಾತಾಡಿಸಲ್ವಾ? ಬಂದಾಗಿಂದ ನೋಡ್ತಿದೀನಿ” ಎಂದು ಕೇಳಿದಳು. ನಾನು ಚಾದರದ ಅಂಚು ಸರಿಪಡಿಸತೊಡಗಿದೆ. “ಬೇಡ ಬಿಡು, ನನ್ನ ಮಗಳಿಗೆ ಬಂದದ್ದು ಬರಲಿ” ಎಂದು ಕಣ್ಣೊರೆಸಿಕೊಂಡು ಅವಳು ಹೊರಟಳು.

ಅವಳು ಹೊಸ್ತಿಲು ದಾಟುತ್ತಿದ್ದ ಹಾಗೇ ಬ್ಲೇಡ್ ತೆಗೆದುಕೊಂಡೆ. ಮೂರು ವರ್ಷ ಕೊಳೆಯದೆ, ಮೊಳೆಯದೆ ಕೂತಿದ್ದ ಗಡ್ಡೆಯ ತಳದಿಂದ ಊದಿದ ಬೇರುಗಳನ್ನು ಒಂದೂ ಬಿಡದೆ ಹೆರೆದೆ. ಏಳು ನೀರಲ್ಲಿ ತೊಳೆದೆ. ಲೋಟವನ್ನು ಬೂದಿ ಹಾಕಿ ಉಜ್ಜಿ, ಹೊಳೆಯ ನೀರು ತುಂಬಿ, ಕೆಂಪು ದಾರದ ಸಮೇತ ಗಡ್ಡೆಯನ್ನು ಮತ್ತೆ ಕೂರಿಸಿದೆ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಬೆಳಗ್ಗೆ ಎರಡೇ ಎರಡು ಬೇರು, ಸಣ್ಣಗೆ, ಬೆಳ್ಳಗೆ ಇಳಿದಿದ್ದವು. ನಾನು ಬಗ್ಗಿ ನೋಡುತ್ತಿರುವಾಗ ಚಾದರದ ಮೇಲೆ ಒಂದು ಹನಿ ಬಿತ್ತು. ತಲೆ ಎತ್ತಿದರೆ ದಾರ ಸೂಜಿಯ ಕಣ್ಣೊಳಗೆ ಹೋಗಿತ್ತು.

ದಾಕ್ಷಾಯಿಣಿ ಕೈ ಕೆಳಗಿಟ್ಟಳು. ಕೆಮ್ಮಿದಳು. ಬಹಳ ದಿನದಿಂದ ಮುಚ್ಚದ ಬಾಯನ್ನು ಮುಚ್ಚಿ, ತುಟಿ ಸವರಿಕೊಂಡಳು. ನಾನು ಅವಳು ಮೂರು ವರ್ಷದ ಹಿಂದಿನ ಮಾತನ್ನೇ ಮುಂದುವರಿಸುತ್ತಾಳೆ ಎಂದು ಕಾದೆ. ಅವಳು ನನ್ನ ನರೆತ ತಲೆಯನ್ನು ನೋಡಿದಳು, ಆಶ್ಚರ್ಯಪಡಲಿಲ್ಲ. “ಎಲ್ಲಾ ಕೇಳಿಸ್ತಿತ್ತು ಅಕ್ಕಯ್ಯ” ಎಂದಳು. “ಮೊದಲನೇ ವರ್ಷ ಚೆನ್ನಾಗಿ ಹೇಳ್ತಿದ್ದೆ. ಚಿದಾನಂದಯ್ಯನವರ ಕನ್ನಡಕ ಸಾರಿಗೆ ಬಿದ್ದದ್ದು ಹೇಳಿದಾಗ ನಗು ಬಂತು, ನಗೋಕಾಗ್ಲಿಲ್ಲ. ಆಮೇಲೆ ನೀನು ನಿಲ್ಲಿಸಿಬಿಟ್ಟೆ. ನಾನು ಹತ್ತು ದಿನಕ್ಕೆ ಹೆದರಿದ್ದೆ ಅಲ್ವಾ? ನೀನು ಹತ್ತಿರ ಹತ್ತಿರ ಎರಡು ವರ್ಷ ಮಾತಾಡ್ಲಿಲ್ಲ.” ಸಿಟ್ಟಿನಿಂದ ಹೇಳಿದ್ದಿದ್ದರೆ ನನಗೆ ಸ್ವಲ್ಪ ಸಮಾಧಾನ ಆಗುತ್ತಿತ್ತು. ಅವಳು ಅದನ್ನು ಬೀದಿಯ ಸಮಾಚಾರ ಹೇಳುವ ದನಿಯಲ್ಲೇ ಹೇಳಿದಳು. ನಾನು ಅವಳ ಮಡಿಲಲ್ಲಿ ತಲೆಯಿಟ್ಟು ಗಟ್ಟಿಯಾಗಿ ಅತ್ತೆ. ಇಪ್ಪತ್ತಾರು ವರ್ಷ ಎಷ್ಟೋ ಮನೆಗಳಲ್ಲಿ ಅಳು ಕೇಳಿ ವಾಪಸ್ ಬಂದಿದ್ದೆ, ಅದಷ್ಟೂ ಅವತ್ತು ನನ್ನ ಎದೆಯಿಂದ ಬಂದಂತಾಯಿತು.

ನಾನು ಸುಮ್ಮನಿದ್ದಿದ್ದರೆ ಹಳೇ ಚೀಟಿಯೇ ನಡೆಯುತ್ತಿತ್ತೇನೋ. ಅವಳೇ ಬೇಡ ಎಂದಳು. “ಸರಿಯಾಗಿ ಎಣಿಕೆ ಮಾಡಿಸು. ನಿನ್ನ ಕೈಕೆಲಸ ಒಂದು ಸಲ ಕೆಟ್ಟದ್ದು ಸಾಕು.” ಎರಡು ಬೇರಿನ ತುದಿಯನ್ನೂ ಇಬ್ಬನಿ ಆರುವ ಮೊದಲು ಕತ್ತರಿಸಿ, ಒಂದು ದಿನ ಮುಳುಗಿಸಿಟ್ಟು, ಮೆತ್ತಗೆ ಮಾಡಿ, ಬಣ್ಣ ಕುಡಿಸಿ, ನನ್ನ ಜನ್ಮದಲ್ಲೇ ಅತ್ಯಂತ ಒಳ್ಳೆಯ ಸ್ಲೈಡ್ ಮಾಡಿದೆ. ಕೋಶಗಳು ಒಂದರ ಪಕ್ಕ ಒಂದು ತೆಳ್ಳಗೆ ಹರಡಿದ್ದವು. ಚಿದಾನಂದಯ್ಯನವರು ಎಣಿಸಿದರು, ನೂರಕ್ಕೆ ಒಂದು. ಆ ಒಂದು ಕೋಶದಲ್ಲಿ ವರ್ಣತಂತುಗಳು ಎರಡು ಪಾಲಾಗಿ ಆಚೆಗೊಂದು ಈಚೆಗೊಂದು ಸರಿದಿದ್ದವು. “ಗಂಗಮ್ಮಾ, ಮೂರು ವರ್ಷದ ಹಿಂದೆ ಮೂವತ್ತನಾಲ್ಕು ಇತ್ತಲ್ಲ…” ಎಂದು ಅವರು ಶುರು ಮಾಡಿದರು. ಹೇಳುತ್ತೇನೆ ಸ್ವಾಮಿ ಎಂದೆ. ಅವರು ಕೈ ಅಡ್ಡ ಮಾಡಿ, “ಹೇಳ್ಬೇಡ. ನಾನು ಎಣಿಸೋನು ಅಷ್ಟೆ” ಎಂದು ನಿಂತಿದೆ ಎಂದು ಬರೆದು ಕೊಟ್ಟರು. ಅದೇ ಮಾತನ್ನು ಮಾದಯ್ಯನ ಮನೆಯಿಂದ ಬಂದ ದಿನ ನಾನೂ ಹೇಳಿಕೊಂಡಿದ್ದೆ.

ಮಂಚ ಹೊರಲು ನಾಲ್ಕು ಜನ ಬಂದರು. ಬಾಯಿಗೆ ಬೀಗ ಹಾಕಿಕೊಂಡೇ ಬಂದಿದ್ದರು. ನಾನು ಮಂಚದ ಪಕ್ಕ ನಡೆಯುತ್ತಾ, ಬೀದಿಗೆಲ್ಲ ಕೇಳುವ ಹಾಗೆ, “ದಾಕ್ಷಾಯಿಣಿ, ಬಿಸಿಲು ಕಣ್ಣಿಗೆ ಹೊಡೀತಾ ಇದೆಯಾ? ಸೆರಗು ಹಾಕ್ಲಾ?” ಎಂದು ಕೇಳಿದೆ. ಒಬ್ಬ ಹೆಜ್ಜೆ ತಪ್ಪಿದ. ಬಾಗಿಲುಗಳಲ್ಲಿ ನಿಂತ ಹೆಂಗಸರು ನನ್ನ ಕಾಲಿಂದ ಕಣ್ಣು ಕಿತ್ತು ಬೇರೆ ಕಡೆ ನೋಡಿದರು. ಚೌಡಮ್ಮನೂ ಅವರ ನಡುವೆ ಇದ್ದಳು, ಕೈಯಲ್ಲಿ ಮೊಮ್ಮಗು. ಇಂದ್ರಾಣಿಗೆ ನಾಲ್ಕು ಬಂದಿತ್ತು. ಆ ಸ್ಲೈಡನ್ನೂ ನಾನೇ ಮಾಡಿದ್ದೆ, ಅದೇ ಕೊನೆಯದು. ಅವಳು ತುಟಿ ಕಚ್ಚಿ ಹಿಡಿದು ಒಳಗೆ ಹೋದಳು. ಮನೆಯಲ್ಲಿ ಬಾಣಂತಿ ಇದ್ದಾಳೆ, ಕೂಸಿದೆ, ಅವಳ ಮೇಲೆ ನನಗೆ ಬೇಸರವಿಲ್ಲ.

ಕೊನೆಮನೆಯ ಜಗುಲಿಯಲ್ಲಿ ಒಂಬತ್ತು ದಿನ ನಾನು ಬಾಯಿ ಮುಚ್ಚಲಿಲ್ಲ. ಗಂಟಲು ಕಟ್ಟಿತು, ಪಿಸುಗುಟ್ಟಿಕೊಂಡೇ ಹೇಳಿದೆ. ಅವಳು ಕೆಮ್ಮಿನ ನಡುವೆ ನಕ್ಕಳು, ತಿದ್ದಿದಳು, “ಅದನ್ನ ಆಗಲೇ ಹೇಳಿದೀಯ, ಬೇರೆ ಹೇಳು” ಎಂದು ಗದರಿಸಿದಳು. ಮೂರನೆಯ ದಿನ, “ಅವತ್ತು ‘ನೀನು ಮಾತ್ರ’ ಅಂದು ನಿಂತೆಯಲ್ಲ, ಏನು ಹೇಳೋಕೆ ಹೊರಟಿದ್ದೆ?” ಎಂದು ಕೇಳಿದೆ. “ಇನ್ನೇನು ಅಕ್ಕಯ್ಯ, ಇದೇ” ಎಂದು ಜಗುಲಿಯನ್ನೂ ನಮ್ಮಿಬ್ಬರನ್ನೂ ಕೈಯಿಂದ ತೋರಿಸಿದಳು.

ಒಂಬತ್ತನೆಯ ದಿನ ಬೆಳಗ್ಗೆ ನನ್ನ ಹತ್ತಿರ ಹೇಳಲು ಏನೂ ಉಳಿದಿರಲಿಲ್ಲ. “ನಿನ್ನ ಕೆಲಸ ಹೇಳು, ಅದನ್ನ ಒಂದು ದಿನವೂ ನನಗೆ ಹೇಳಿಲ್ಲ” ಎಂದಳು. ಹೇಳಿದೆ. ಇಬ್ಬನಿ ಆರುವ ಮೊದಲು ತುದಿ ಕತ್ತರಿಸಬೇಕು ದಾಕ್ಷಿ, ಅಕ್ಕಿಕಾಳಿನ ಅರ್ಧದಷ್ಟು. ಒಂದು ದಿನ ಮುಳುಗಿಸಿಡಬೇಕು. ಬಿಸಿನೀರಲ್ಲಿ ಐದೇ ನಿಮಿಷ. ಬಣ್ಣ ಕುಡಿಸುವುದಕ್ಕೆ ಬಂದಾಗ ಅವಳ ಕೈ ನನ್ನ ಕೈಯೊಳಗೆ ಸಡಿಲವಾಯಿತು. ಉಸಿರು ನೋಡಿದೆ, ಇರಲಿಲ್ಲ. ಕಣ್ಣು ಮುಚ್ಚಿಸಿ, ಕೈ ಬಿಡದೆ, ಉಳಿದದ್ದನ್ನೂ ಹೇಳಿದೆ. ಸೂಜಿಯ ಹಿಂಬದಿಯಿಂದ ಮೆಲ್ಲಗೆ ಕುಟ್ಟಬೇಕು, ಮೇಲೆ ತೆಳು ಗಾಜು ಮುಚ್ಚಬೇಕು, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು, ಬೆರಳು ಜಾರಬಾರದು. ಕೊನೆಯವರೆಗೂ ಹೇಳಿ ಮುಗಿಸಿದ ಮೇಲೆ ಎದ್ದೆ.